ಬುಖಾರಿನನ ಏಳುಬೀಳು

೧೯೩೮ನೆಯ ಇಸವಿ ಮಾರ್ಚಿ ತಿಂಗಳ ೨ನೆಯ ತಾರೀಖು ಮಾಸ್ಕೋ ನಗರದ ಕಾರ್ಮಿಕ ಸಂಘಗಳ ಭವನದಲ್ಲಿ ಒಂದು ಮೊಕದ್ದಮೆಯ ವಿಚಾರಣೆ ಪ್ರಾರಂಭವಾಯಿತು. ಆಪಾದಿತರು ಇಪ್ಪತ್ತೊಂದು ಮಂದಿ. ಅವರಲ್ಲಿ ಒಬ್ಬನು ಲೆನಿನನ ತರುವಾಯ ಸೋವಿಯಟ್ ಸರ್ಕಾರದ ಪ್ರಧಾನಿಯಾಗಿದ್ದ ರೈಕಾವ್. ಮತ್ತೊಬ್ಬನು ಒಂದೂವರೆ ವರ್ಷದ ಹಿಂದಿನವರೆಗೆ ಗುಪ್ತ ಪೋಲೀಸಿನ ಮುಖ್ಯಾಧಿಕಾರಿಯಾಗಿದ್ದ ಯಾಗೊಡ. ರಾಯಭಾರಿಗಳಾಗಿದ್ದವರೂ ಮಂತ್ರಿಗಳಾಗಿದ್ದವರೂ ಇದ್ದರು; ಮೂವರು ವೈದ್ಯರೂ ಇದ್ದರು. ಪ್ರೇಕ್ಷಕರ ಕಣ್ಣು ಮುಖ್ಯವಾಗಿ ಹರಿದುದು ನಲವತ್ತೊಂಬತ್ತು ವರ್ಷ ವಯಸ್ಸಿನ, ಗಿಡ್ಡನೆಯ ಆಳಾದ, ಚಿಕ್ಕ ಗಡ್ಡದ ಒಬ್ಬ ಮನುಷ್ಯನ ಕಡೆಗೆ. ಅವನೇ ನಿಕೊಲಾಯ್ ಇವಾನೊವಿಚ್ ಬುಖಾರಿನ್.

ಅವನ ಮೇಲೆ ಹೊರಿಸಿದ್ದ ಆಪಾದನೆಗಳು ಸಾಮಾನ್ಯವಾದುವಲ್ಲ. ಪರರಾಷ್ಟ್ರಗಳ ಗೂಢಚಾರರೊಡನೆ ಸೇರಿ ದೇಶವನ್ನು ಒಡೆದು ಹಂಚಲು ಹವಣಿಸಿದನೆಂದೂ, ಕಾರ್ಖಾನೆಗಳನ್ನು ಹಾಳುಗೆಡವಲು ಪ್ರೇರಿಸಿದನೆಂದೂ, ೧೯೧೮ರಲ್ಲಿ ಲೆನಿನನನ್ನು ಸೆರೆಹಿಡಿದು ಕೊಲ್ಲಬೇಕೆಂದು ಒಳಸಂಚು ನಡೆಸಿದನೆಂದೂ ಸರ್ಕಾರವು ಹೇಳಿತು. ಈ ಕಡೆಯ ಆಪಾದನೆಯನ್ನು ಶ್ರೋತೃಗಳು ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ. ಅದು ಎಲ್ಲಿಂದ ಹುಟ್ಟಿತು ಎಂಬುದನ್ನು ತಿಳಿದರೆ ಬುಖಾರಿನನ ಏಳುಬೀಳಿನ ಮರ್ಮವನ್ನು ತಿಳಿದಂತೆಯೇ ಸರಿ.

ಬುಖಾರಿನನು ೧೮೮೮ರಲ್ಲಿ ಮಾಸ್ಕೋವಿನಲ್ಲಿ ಹುಟ್ಟಿದನು. ತಂದೆತಾಯಿಗಳಿಬ್ಬರೂ ಶಾಲೆಯ ಉಪಾಧ್ಯಾಯರು. ಹುಡುಗನಿಗೆ ಓದಿನಷ್ಟೇ ಪ್ರಿಯವಾದುವು ಹಕ್ಕಿಗಳೂ ಚಿಟ್ಟೆಗಳೂ. ಪ್ರಾಣಿಪಕ್ಷಿಗಳ ಮೇಲಿನ ಆ ಪ್ರೀತಿಯೂ ಚಿತ್ರ ಬರೆಯುವ ಅಭ್ಯಾಸವೂ ಅವನನ್ನು ಎಂದಿಗೂ ಬಿಡಲಿಲ್ಲ. ೧೯೦೫ರ ಕ್ರಾಂತಿ ರಷ್ಯದ ವಿದ್ಯಾರ್ಥಿಗಳನ್ನೆಲ್ಲ ಕಲಕಿತು. ಮರುವರ್ಷವೇ ಬುಖಾರಿನನು ಬಾಲ್ಷೆವಿಕ್ ಪಕ್ಷವನ್ನು ಸೇರಿದನು. ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರವನ್ನು ಓದುತ್ತಿದ್ದಾಗಲೇ ಪೋಲೀಸರ ಕೈಗೆ ಸಿಕ್ಕಿ, ೧೯೧೧ರಲ್ಲಿ ಉತ್ತರದ ಒನೇಗಕ್ಕೆ ಗಡೀಪಾರಾಗಿ, ಅಲ್ಲಿಂದ ತಪ್ಪಿಸಿಕೊಂಡು ಪರದೇಶವನ್ನು ಸೇರಿದನು.

ಅವನ ಮುಂದಿನ ಜೀವನಕ್ಕೆ ಕಾರಣರಾದ ಮೂವರ ಒಡನಾಟ ಬೆಳೆದುದು ಈ ಪರದೇಶವಾಸದ ಕಾಲದಲ್ಲಿ. ೧೯೧೨ರಲ್ಲಿ, ಆಗ ಆಸ್ಟ್ರಿಯಕ್ಕೆ ಸೇರಿದ್ದ ಕ್ರಾಕೋ ನಗರದಲ್ಲಿ ಲೆನಿನನನ್ನು ಕಂಡನು. ವಿಯೆನ್ನದಲ್ಲಿ, ಮಾರ್ಕ್ಸನ ಸಿದ್ಧಾಂತವನ್ನು ಖಂಡಿಸಿದ ಬೋಮ್ ಬಾವೆರ್ಕ್ ಎಂಬ ಪಂಡಿತನನ್ನು ಖಂಡಿಸಬೇಕೆಂದೇ ಅವನ ಉಪನ್ಯಾಸಗಳಿಗೆ ಹೋಗಿ ಕುಳಿತು ಕೇಳುತ್ತಿದ್ದನು. ೧೯೧೩ರಲ್ಲಿ ಅದೇ ವಿಯೆನ್ನಕ್ಕೆ ಜಾರ್ಜಿಯದವನೊಬ್ಬನು ಜನಾಂಗಗಳ ಸಮಸ್ಯೆಯನ್ನು ಕುರಿತು ಪ್ರಬಂಧ ಬರೆಯಲು ಬಂದನು. ಅವನಿಗೆ ಜರ್ಮನ್ ಗ್ರಂಥಗಳನ್ನು ಓದಿಕೊಳ್ಳುವುದು ಕಷ್ಟವಾಗಿದ್ದಿತು, ಬುಖಾರಿನನು ನೆರವಾದನು. ಆ ಮನುಷ್ಯನೇ ಸ್ಟಾಲಿನ್. ೧೯೧೭ರ ಮೊದಲಲ್ಲಿ ನ್ಯೂಯಾರ್ಕಿನಲ್ಲಿ ಟ್ರಾಟ್ಸ್ಕಿಯೊಡನೆ ಕೂಡಿ ರಷ್ಯನ್ ಪತ್ರಿಕೆಯೊಂದನ್ನು ನಡೆಸಿದನು. ಜಾರ್ ಚಕ್ರವರ್ತಿಯ ಪತನದ ಸುದ್ದಿ ಬಂದೊಡನೆಯೇ ಜಪಾನಿನ ಮಾರ್ಗವಾಗಿ ಸ್ವದೇಶಕ್ಕೆ ಹಿಂದಿರುಗಿದನು.

೧೯೧೭ರ ನವೆಂಬರಿನಲ್ಲಿ ಬಾಲ್ಷೆವಿಕರು ಅಧಿಕಾರವನ್ನು ವಶಪಡಿಸಿಕೊಂಡರು. ಮರುತಿಂಗಳೇ ಬುಖಾರಿನನು ಪಕ್ಷದ ಮುಖವಾಣಿಯಾದ 'ಪ್ರಾವ್ಡ' ಪತ್ರಿಕೆಯ ಸಂಪಾದಕನಾದನು. ಆಗ ಅವನಿಗೆ ಇಪ್ಪತ್ತೊಂಬತ್ತು ವರ್ಷ. ಕೆಲವೇ ವಾರಗಳಲ್ಲಿ ಅವನಿಗೂ ಲೆನಿನನಿಗೂ ಘೋರವಾದ ಭಿನ್ನಾಭಿಪ್ರಾಯ ಹುಟ್ಟಿತು. ಜರ್ಮನಿಯು ಒಡ್ಡಿದ ಕಠಿನವಾದ ಷರತ್ತುಗಳನ್ನೊಪ್ಪಿ ಸಂಧಿ ಮಾಡಿಕೊಳ್ಳಬೇಕೆಂದು ಲೆನಿನನೂ, ಎಷ್ಟೇ ಕಷ್ಟವಾದರೂ ಕ್ರಾಂತಿಯ ಯುದ್ಧವನ್ನು ಮುಂದುವರಿಸಬೇಕೆಂದು ಬುಖಾರಿನನೂ ವಾದಿಸಿದರು. ಬುಖಾರಿನನ ಕಡೆಯವರಿಗೆ ಎಡಪಂಥದ ಕಮ್ಯೂನಿಸ್ಟರೆಂಬ ಹೆಸರು ಬಂದಿತು. ಅವರು ಲೆನಿನನನ್ನು ಖಂಡಿಸಲು ಬೇರೆ ಪತ್ರಿಕೆಯನ್ನೇ ಹೊರಡಿಸಿದರು. ಬ್ರೆಸ್ಟ್ ಲಿಟೋವ್ಸ್ಕ್ ಸಂಧಿಗೆ ೧೯೧೮ರ ಮಾರ್ಚಿಯಲ್ಲಿ ರುಜು ಬಿದ್ದಿತು. ಬುಖಾರಿನನು ಕೋಪದಿಂದ ಸಂಪಾದಕತ್ವವನ್ನು ಬಿಟ್ಟನು. ಕೆಲವು ತಿಂಗಳ ಬಳಿಕ ತನ್ನದೇ ತಪ್ಪೆಂದು ಒಪ್ಪಿ ಹಿಂದಿರುಗಿದನು. ಅವನನ್ನು ಯಾರೂ ದ್ರೋಹಿಯೆಂದು ಕರೆಯಲಿಲ್ಲ. ಪಕ್ಷದ ಒಳಗೆ ಆಗ ಅಷ್ಟು ಸ್ವಾತಂತ್ರ್ಯವಿದ್ದಿತು.

ಪಕ್ಷದ ಒಳಗೆ ಎಂದು ನಾನು ಹೇಳಿದುದು ಬೇಕೆಂದೇ. ಹೊರಗಿನವರಿಗೆ ಆ ಸ್ವಾತಂತ್ರ್ಯವಿರಲಿಲ್ಲ. ಇತರ ಪಕ್ಷಗಳ ಪತ್ರಿಕೆಗಳು ಒಂದೊಂದಾಗಿ ಮುಚ್ಚಿಹೋದುವು. ನಾಯಕರು ಸೆರೆಮನೆ ಸೇರಿದರು. ಬುಖಾರಿನನು ಇದನ್ನು ಆಕ್ಷೇಪಿಸಲಿಲ್ಲ. ಅಂತರ್ಯುದ್ಧದ ಕಾಲದಲ್ಲಿ ಪ್ರಿಯೊಬ್ರಾಜೆನ್‌ಸ್ಕಿಯೊಡನೆ ಸೇರಿ ಬರೆದ 'ಕಮ್ಯೂನಿಸಮಿನ ಮೊದಲ ಪಾಠ'ದಂತಹ ಪುಸ್ತಕದಲ್ಲಿ ಬಲಪ್ರಯೋಗದಿಂದಲೇ ಹೊಸ ಸಮಾಜವನ್ನು ಕಟ್ಟಬಹುದೆಂಬ ಉತ್ಸಾಹವೇ ತುಂಬಿದೆ. ೧೯೨೨ರಲ್ಲಿ ಸಮಾಜವಾದಿ ಕ್ರಾಂತಿಕಾರರೆಂಬ ಪ್ರತಿಪಕ್ಷದ ನಾಯಕರನ್ನು ಬಹಿರಂಗವಾಗಿ ವಿಚಾರಣೆಗೆ ಗುರಿಮಾಡಿದಾಗ ಬುಖಾರಿನನು ಆ ಕಾರ್ಯದಲ್ಲಿ ಭಾಗವಹಿಸಿದನು. ತಮ್ಮವರ ಮೇಲೆ ಸಾಕ್ಷಿ ಹೇಳಲು ಒಪ್ಪಿಕೊಂಡ ಆಪಾದಿತರ ಪರವಾಗಿ ನಿಂತು ವಾದಿಸಿದವನು ಅವನೇ. ಆ ವಿಚಾರಣೆ ನಡೆದುದು, ಹದಿನಾರು ವರ್ಷಗಳ ತರುವಾಯ ಅವನ ವಿಚಾರಣೆ ನಡೆದ ಆ ಭವನದಲ್ಲಿಯೇ.

ಈ ನಡುವೆ ೧೯೨೧ರ ಮಾರ್ಚಿಯಲ್ಲಿ ಎರಡು ಮುಖ್ಯವಾದ ನಿರ್ಣಯಗಳಾದುವು. ರೈತರಿಂದ ಧಾನ್ಯವನ್ನು ಬಲಾತ್ಕಾರವಾಗಿ ಕಿತ್ತುಕೊಳ್ಳುತ್ತಿದ್ದುದರಿಂದ ಹಳ್ಳಿಗಳಲ್ಲಿ ದಂಗೆಗಳೆದ್ದಿದ್ದುವು. ಕ್ರಾಂತಿಯ ಹೆಮ್ಮೆಯಾಗಿದ್ದ ಕ್ರಾನ್‌ಸ್ಟಾಟ್ ನಾವಿಕರೂ ತಿರುಗಿಬಿದ್ದರು. ಆಗ ಲೆನಿನನು ಧಾನ್ಯವನ್ನು ಕಿತ್ತುಕೊಳ್ಳುವುದನ್ನು ನಿಲ್ಲಿಸಿ, ಗೊತ್ತಾದ ಕಂದಾಯವನ್ನು ಮಾತ್ರ ತೆಗೆದುಕೊಂಡು, ಮಿಕ್ಕುದನ್ನು ರೈತನು ಸಂತೆಯಲ್ಲಿ ಮಾರಬಹುದೆಂದು ಗೊತ್ತುಮಾಡಿದನು. ಇದೇ ನೂತನ ಆರ್ಥಿಕ ನೀತಿ. ಅದೇ ಮಹಾಸಭೆಯಲ್ಲಿಯೇ, ಪಕ್ಷದ ಒಳಗೆ ಇನ್ನು ಮೇಲೆ ಯಾರೂ ಗುಂಪು ಕಟ್ಟಕೂಡದು, ಕಟ್ಟಿದವರನ್ನು ಬಹಿಷ್ಕರಿಸಬಹುದು ಎಂಬ ನಿಬಂಧನೆಯೂ ಹುಟ್ಟಿತು. ಹೊಟ್ಟೆಗೆ ಬಿಡುಗಡೆ ಸಿಕ್ಕಿದ ದಿನವೇ ನಾಲಗೆಗೆ ಬೀಗ ಬಿದ್ದಿತು. ಬುಖಾರಿನನು ಎರಡನ್ನೂ ಒಪ್ಪಿದನು. ಮೊದಲನೆಯದು ಕ್ರಮೇಣ ಅವನ ಜೀವನದ ಸಿದ್ಧಾಂತವಾಯಿತು. ಎರಡನೆಯದು ಅವನಿಗೆ ಉರುಳಾಯಿತು.

ಲೆನಿನನು ರೋಗಪೀಡಿತನಾಗಿ ೧೯೨೨ರ ಡಿಸೆಂಬರಿನಲ್ಲಿ ಬರೆಸಿದ ಪತ್ರದಲ್ಲಿ, ಬುಖಾರಿನನು ಪಕ್ಷಕ್ಕೆಲ್ಲ ಅಚ್ಚುಮೆಚ್ಚಿನವನು ಎಂದು ಹೊಗಳಿದನು. ಆದರೆ ಅವನ ಮಾರ್ಕ್ಸ್ ಪಾಂಡಿತ್ಯ ಪೂರ್ತಿ ಪಕ್ವವಾದುದಲ್ಲವೆಂಬ ಸಂಶಯವನ್ನೂ ಸೇರಿಸಿದನು. ಹದಿಮೂರು ತಿಂಗಳಲ್ಲಿ ಲೆನಿನನು ತೀರಿಕೊಂಡನು. ಅವನು ಹಾಸಿಗೆ ಹಿಡಿದಿದ್ದಾಗಲೇ ಉತ್ತರಾಧಿಕಾರಕ್ಕಾಗಿ ಸ್ಪರ್ಧೆ ಆರಂಭವಾಗಿದ್ದಿತು. ೧೯೨೩ರ ಕೊನೆಯಲ್ಲಿ ಟ್ರಾಟ್ಸ್ಕಿಯೂ ಅವನ ಸ್ನೇಹಿತರೂ, ಪಕ್ಷದಲ್ಲಿ ಅಧಿಕಾರಿಗಳ ದರ್ಬಾರು ಹೆಚ್ಚಿತೆಂದು ದೂರಿದರು. ಅವರ ಬಾಯಿ ಮುಚ್ಚಿಸುವ ಕಾರ್ಯಕ್ಕೆ ಬುಖಾರಿನನೂ ಕೈಹಾಕಿದನು. ಆ ಸಂದರ್ಭದಲ್ಲಿ ಅವನು ಒಂದು ಹಳೆಯ ಪ್ರಸಂಗವನ್ನು ಬಯಲಿಗೆ ತಂದನು. ೧೯೧೮ರಲ್ಲಿ ಬ್ರೆಸ್ಟ್ ಸಂಧಿಯ ಜಗಳ ಕಾವೇರಿದ್ದಾಗ, ಬೇರೆ ಪಕ್ಷದವರು ಬಂದು, ಲೆನಿನನನ್ನು ಒಂದು ದಿನದ ಮಟ್ಟಿಗೆ ಬಂಧಿಸಿ ಹೊಸ ಸರ್ಕಾರವನ್ನು ರಚಿಸೋಣವೇ ಎಂದು ತಮ್ಮನ್ನು ಕೇಳಿದರೆಂದೂ, ತಾವು ಅದನ್ನು ತಿರಸ್ಕರಿಸಿದೆವೆಂದೂ ಹೇಳಿ, ಪಕ್ಷದೊಳಗಿನ ಗುಂಪುಗಾರಿಕೆ ಎಂತಹ ಪ್ರಪಾತದ ಅಂಚಿಗೆ ಒಯ್ಯುತ್ತದೆ ನೋಡಿರಿ ಎಂದು ಎಚ್ಚರಿಕೆ ಕೊಟ್ಟನು.

ಶ್ರೋತೃಗಳು ಆಗಲೇ ಊಹಿಸಿರಬಹುದು. ೧೯೩೮ರ ಆಪಾದನೆಯ ಬೀಜ ಇದೇ. ಭಿನ್ನಾಭಿಪ್ರಾಯವು ದ್ರೋಹಕ್ಕೆ ದಾರಿಯೆಂದು ತೋರಿಸುವುದಕ್ಕಾಗಿ ಬುಖಾರಿನನೇ ಹೇಳಿದ ಕಥೆಯನ್ನು ಹದಿನಾಲ್ಕು ವರ್ಷಗಳ ಬಳಿಕ ಸರ್ಕಾರದ ವಕೀಲನು ಎತ್ತಿಕೊಂಡನು. ಬಂಧನವೆಂಬ ಮಾತಿಗೆ ಕೊಲೆಯೆಂಬ ಮಾತನ್ನು ಸೇರಿಸಿದನು.

ಮುಂದಿನ ನಾಲ್ಕು ವರ್ಷಗಳು ಬುಖಾರಿನನ ಏಳಿಗೆಯ ಕಾಲ. ೧೯೨೪ರಲ್ಲಿ ಅವನು ಪಕ್ಷದ ಪರಮಾಧಿಕಾರ ಮಂಡಲಿಯಾದ ಪಾಲಿಟ್‌ಬ್ಯೂರೋದ ಪೂರ್ಣ ಸದಸ್ಯನಾದನು. ೧೯೨೬ರಿಂದ ಕಮ್ಯೂನಿಸ್ಟ್ ಅಂತರರಾಷ್ಟ್ರೀಯ ಸಂಸ್ಥೆಗೂ ಅವನೇ ಮುಖ್ಯಸ್ಥನಾದನು. ರಷ್ಯದ ಬಹುಸಂಖ್ಯಾತರು ರೈತರು. ಅವರನ್ನು ಹಿಂಸಿಸಿ ಸಮಾಜವಾದವನ್ನು ತರಲಾಗದು. ರೈತನ ಕೈಯಲ್ಲಿ ನಾಲ್ಕು ಕಾಸು ಓಡಾಡಿದರೆ ಕಾರ್ಖಾನೆಯ ಬಟ್ಟೆಯೂ ನೇಗಿಲೂ ಮಾರಾಟವಾಗುವುವು, ಅದರಿಂದ ಕೈಗಾರಿಕೆಯೂ ಬೆಳೆಯುವುದು. ದಾರಿ ನಿಧಾನವಾದರೂ ಕ್ಷೇಮವಾದುದು - ಇದು ಅವನ ವಾದ. ೧೯೨೫ರ ಏಪ್ರಿಲಿನಲ್ಲಿ ರೈತರಿಗೆಲ್ಲ ಐಶ್ವರ್ಯವನ್ನು ಕೂಡಿಸಿಕೊಳ್ಳಿರೆಂದು ಬಹಿರಂಗವಾಗಿ ಕರೆ ಕೊಟ್ಟನು. ಕಮ್ಯೂನಿಸ್ಟನ ಬಾಯಲ್ಲಿ ಇಂತಹ ಮಾತೇ ಎಂದು ಅನೇಕರು ಬೆಚ್ಚಿದರು. ಬಳಿಕ ಆ ಮಾತನ್ನು ಅವನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.

ಈ ನೀತಿಗೆ ಆಗ ಸ್ಟಾಲಿನನ ಬೆಂಬಲವಿದ್ದಿತು. ಬುಖಾರಿನನು ಸಿದ್ಧಾಂತವನ್ನೊದಗಿಸಿದನು, ಸ್ಟಾಲಿನನು ಪಕ್ಷದ ಕಾರ್ಯದರ್ಶಿಯಾಗಿ ಊರೂರಿನ ಅಧಿಕಾರಗಳಿಗೆ ತನ್ನವರನ್ನು ನೇಮಿಸುತ್ತ ಹೋದನು. ಇಬ್ಬರೂ ಕೂಡಿ ಟ್ರಾಟ್ಸ್ಕಿ, ಜಿನೊವೀವ್, ಕಾಮೆನೆವ್ ಇವರನ್ನು ಸೋಲಿಸಿದರು. ಆ ಹೋರಾಟದಲ್ಲಿ ವಿರೋಧಿಗಳ ಲೇಖನಗಳಿಗೆ 'ಪ್ರಾವ್ಡ'ದ ಬಾಗಿಲು ಮುಚ್ಚಿತು. ಅವರ ಸಭೆಗಳನ್ನು ಗದ್ದಲವೆಬ್ಬಿಸಿ ಚದರಿಸಿದರು. ೧೯೨೭ರ ಡಿಸೆಂಬರಿನ ಮಹಾಸಭೆ ವಿರೋಧಿಗಳನ್ನು ಗುಂಪುಗುಂಪಾಗಿ ಬಹಿಷ್ಕರಿಸಿತು. ಇದಕ್ಕೆಲ್ಲ ಬುಖಾರಿನನ ಲೇಖನಿಯೂ ವಾಗ್ಮಿತೆಯೂ ಸಾಧನಗಳಾಗಿದ್ದುವು.

ಗೆಲುವಿನ ಸಂತೋಷ ಒಂದು ತಿಂಗಳೂ ನಿಲ್ಲಲಿಲ್ಲ. ಆ ಚಳಿಗಾಲದಲ್ಲಿ ಸರ್ಕಾರಕ್ಕೆ ಬರಬೇಕಾದ ಧಾನ್ಯ ಬರಲಿಲ್ಲ. ಸರ್ಕಾರವು ಕೊಡುತ್ತಿದ್ದ ಬೆಲೆ ಕಡಮೆ, ಕೊಳ್ಳುವುದಕ್ಕೆ ಸರಕಿಲ್ಲ, ರೈತನು ಕಣಜವನ್ನು ತೆರೆಯಲಿಲ್ಲ. ಬೆಲೆಯನ್ನು ಸರಿಪಡಿಸಿ, ಸರಕನ್ನೊದಗಿಸಿ ರೈತನನ್ನು ಒಲಿಸಿಕೊಳ್ಳಬೇಕೆಂದು ಬುಖಾರಿನನು ಹೇಳಿದನು. ಸ್ಟಾಲಿನನು ೧೯೨೮ರ ಜನವರಿಯಲ್ಲಿ ತಾನೇ ಸೈಬೀರಿಯಕ್ಕೆ ಹೋಗಿ, ಧಾನ್ಯವನ್ನು ಬಚ್ಚಿಟ್ಟವರ ಮೇಲೆ ಮೊಕದ್ದಮೆ ಹೂಡಿಸಿ, ಜಪ್ತಿ ಮಾಡಿಸಿದನು. ಕೈಗಾರಿಕೆಯನ್ನು ಕಟ್ಟಲು ರೈತನು ಒಂದು ಬಗೆಯ ಕಪ್ಪವನ್ನು ಕೊಡಬೇಕಾದುದೇ ಎಂದು ಜುಲೈ ತಿಂಗಳಲ್ಲಿ ಸಿದ್ಧಾಂತಮಾಡಿದನು. ಈ ದಾರಿ ಎಲ್ಲಿಗೆ ಒಯ್ಯುವುದೆಂಬುದನ್ನು ಬುಖಾರಿನನು ಸ್ಪಷ್ಟವಾಗಿ ಕಂಡನು. ಇದು ರೈತರನ್ನು ದಂಗೆಗೆ ನೂಕುವುದು, ದಂಗೆಯನ್ನು ರಕ್ತದಲ್ಲಿ ಅದ್ದುವುದು ಎಂದು ಭಯಪಟ್ಟನು.

ಕಂಡುದನ್ನು ದೇಶಕ್ಕೆ ಹೇಳುವುದು ಹೇಗೆ? ಗುಂಪು ಕಟ್ಟಿದರೆ ೧೯೨೧ರ ನಿಬಂಧನೆ ಅಡ್ಡಬರುತ್ತಿದ್ದಿತು. ಆ ನಿಬಂಧನೆಯನ್ನು ಟ್ರಾಟ್ಸ್ಕಿಯ ಮೇಲೆ ಪ್ರಯೋಗಿಸಿದವರಲ್ಲಿ ತಾನೂ ಒಬ್ಬನು. ಪಾಲಿಟ್‌ಬ್ಯೂರೋದಲ್ಲಿ ಜಗಳ ಉರಿಯುತ್ತಿದ್ದರೂ ಹೊರಗೆ ಎಲ್ಲರೂ ಒಂದೇ ಎಂಬ ಸೋಗನ್ನು ಎರಡು ಕಡೆಯವರೂ ಕಾಪಾಡಿದರು. ಜುಲೈ ತಿಂಗಳಲ್ಲಿ ಬುಖಾರಿನನು ರಹಸ್ಯವಾಗಿ ಕಾಮೆನೆವನ ಬಳಿಗೆ ಹೋದನು. ತಾನೇ ಮುಂದೆ ನಿಂತು ಉರುಳಿಸಿದ್ದ ಮನುಷ್ಯನ ಮುಂದೆ ಸ್ಟಾಲಿನನನ್ನು ಚೆಂಗೀಸ್ ಖಾನನಿಗೆ ಹೋಲಿಸಿ ದುಃಖ ತೋಡಿಕೊಂಡನು. ಕಾಮೆನೆವನು ಆ ಮಾತುಗಳನ್ನು ಬರೆದಿಟ್ಟುಕೊಂಡನು. ಕೆಲವು ತಿಂಗಳಲ್ಲಿ ಆ ಬರಹ ಬಯಲಾಯಿತು. ಗುಂಪುಗಾರಿಕೆಗೆ ಇದಕ್ಕಿಂತ ಸಾಕ್ಷ್ಯ ಬೇಕೇ? ೧೯೨೯ರ ಏಪ್ರಿಲಿನಲ್ಲಿ ಸಂಪಾದಕತ್ವವೂ ಅಂತರರಾಷ್ಟ್ರೀಯ ಸಂಸ್ಥೆಯ ಅಧಿಕಾರವೂ ಹೋಗಬೇಕೆಂದು ತೀರ್ಮಾನವಾಯಿತು. ನವೆಂಬರಿನಲ್ಲಿ ಪಾಲಿಟ್‌ಬ್ಯೂರೋದಿಂದಲೂ ತಳ್ಳಲ್ಪಟ್ಟನು. ಅದೇ ತಿಂಗಳಲ್ಲಿ ತಾನು ತಪ್ಪಿದೆನೆಂದು ಬರೆದುಕೊಟ್ಟನು.

ಆದರೆ ತಪ್ಪಿರಲಿಲ್ಲ. ಆ ಚಳಿಗಾಲದಿಂದ ರೈತರ ಹೊಲಗಳನ್ನೂ ದನಗಳನ್ನೂ ಒಟ್ಟುಗೂಡಿಸಿ ಸಾಮೂಹಿಕ ವ್ಯವಸಾಯಕ್ಕೆ ಒಳಪಡಿಸುವ ಕಾರ್ಯ ಭರದಿಂದ ನಡೆಯಿತು. ಒಪ್ಪದವರು ಕುಟುಂಬಸಮೇತ ಗಡೀಪಾರಾದರು. ೧೯೩೨-೩೩ರಲ್ಲಿ ಉಕ್ರೇನ್, ಕಜಕ್‌ಸ್ತಾನ, ಉತ್ತರ ಕಾಕಸಸ್ ಮೊದಲಾದ ಪ್ರಾಂತಗಳಲ್ಲಿ ಭೀಕರವಾದ ಕ್ಷಾಮವುಂಟಾಗಿ ೫೦ ಲಕ್ಷಕ್ಕೂ ಮೀರಿ ಜನರು ಸತ್ತರು. ತಾನು ಮುಂಗಂಡುದೇ ನಡೆಯುತ್ತಿದ್ದಾಗ ಬುಖಾರಿನನು ಬಹಿರಂಗವಾಗಿ ತುಟಿಬಿಚ್ಚಲಿಲ್ಲ. ೧೯೩೪ರಲ್ಲಿ ಅವನಿಗೆ 'ಇಜ್ವೆಸ್ತಿಯ' ಪತ್ರಿಕೆಯ ಸಂಪಾದಕತ್ವ ದೊರೆಯಿತು. ಪಕ್ಷದ ಮಹಾಸಭೆಯಲ್ಲಿ ಸ್ಟಾಲಿನನನ್ನು ಸ್ತುತಿಸಿದನು. ಹೊಸ ರಾಜ್ಯಾಂಗವನ್ನು ರಚಿಸುವ ಸಮಿತಿಯಲ್ಲಿಯೂ ದುಡಿದನು.

೧೯೩೬ರ ವಸಂತದಲ್ಲಿ, ಮಾರ್ಕ್ಸನ ಹಸ್ತಪ್ರತಿಗಳನ್ನು ಕೊಳ್ಳುವ ಕೆಲಸದ ಮೇಲೆ ಅವನನ್ನು ಪ್ಯಾರಿಸಿಗೆ ಕಳುಹಿಸಿದರು. ತುಂಬು ಗರ್ಭಿಣಿಯಾಗಿದ್ದ ಅವನ ತರುಣ ಪತ್ನಿ ಅನ್ನಾ ಲಾರಿನಾ ಕೂಡ ಅಲ್ಲಿಗೆ ಬಂದಳು. ಬೇಕೆಂದಿದ್ದರೆ ಅಲ್ಲಿಯೇ ನಿಂತುಬಿಡಬಹುದಾಗಿದ್ದಿತು. ಅವನು ಹಿಂದಿರುಗಿದನು. ಆಗಸ್ಟಿನಲ್ಲಿ ಜಿನೊವೀವ್, ಕಾಮೆನೆವರ ವಿಚಾರಣೆ ನಡೆದು ಅವರನ್ನು ಗುಂಡಿಟ್ಟು ಕೊಂದರು. ಅಲ್ಲಿ ಬುಖಾರಿನನ ಹೆಸರೂ ಬಂದಿತು. ಅವನು ಆಗ ವೊರೊಶಿಲೋವನಿಗೆ ಬರೆದ ಕಾಗದದಲ್ಲಿ, ತಾನು ನಿರಪರಾಧಿಯೆಂದು ಮೊರೆಯಿಡುತ್ತ, ಆ ನಾಯಿಗಳನ್ನು ಕೊಂದುದು ತನಗೆ ಬಹಳ ಸಂತೋಷವೆಂದೂ ಬರೆದನು. ಕಾಮೆನೆವನು ಅವನ ಮೈದುನನಲ್ಲ, ನೆಂಟನಲ್ಲ. ಆದರೆ ಎಂಟು ವರ್ಷಗಳ ಹಿಂದೆ ಅವನ ದುಃಖವನ್ನು ಕುಳಿತು ಕೇಳಿದವನು. ಬುಖಾರಿನನನ್ನು ಪ್ರೀತಿಸುವ ಚರಿತ್ರಕಾರನಿಗೂ ಈ ಕಾಗದವನ್ನು ಮರೆಮಾಡುವ ಹಕ್ಕಿಲ್ಲ.

೧೯೩೭ರ ಫೆಬ್ರವರಿ ೨೭ರಂದು ಅವನನ್ನು ಬಂಧಿಸಿದರು. ಅದಕ್ಕೆ ಕೆಲವು ದಿನಗಳ ಮುಂಚೆ, ಮುಂದೆ ಬರುವ ಪಕ್ಷನಾಯಕರನ್ನುದ್ದೇಶಿಸಿ ಒಂದು ಪತ್ರವನ್ನು ಬರೆದು, ಅದನ್ನು ಪತ್ನಿಗೆ ಬಾಯಿಪಾಠ ಮಾಡಿಸಿದನು. ಕಾಗದ ಮನೆಯಲ್ಲಿ ಸಿಕ್ಕರೆ ಅವಳಿಗೂ ಅಪಾಯ; ಆದುದರಿಂದ ಒಂದಕ್ಷರ ತಪ್ಪದೆ ಒಪ್ಪಿಸುವವರೆಗೆ ಹೇಳಿಸಿ, ಬರಹವನ್ನು ನಾಶಮಾಡಿದನು. ತಾನು ನಿರಪರಾಧಿ, ಮುಂದೊಂದು ದಿನ ಸತ್ಯವನ್ನು ಶೋಧಿಸಿ ತನಗೆ ನ್ಯಾಯ ಮಾಡಿರಿ ಎಂಬುದು ಅದರ ಸಾರಾಂಶ. ಆಕೆಗೆ ಆಗ ಇಪ್ಪತ್ತಮೂರು ವರ್ಷ. ತೊಡೆಯ ಮೇಲಿನ ಮಗುವಿಗೆ ಒಂದು ವರ್ಷವೂ ತುಂಬಿರಲಿಲ್ಲ.

ಲುಬ್ಯಾಂಕ ಸೆರೆಮನೆಯಲ್ಲಿ ಬುಖಾರಿನನು ಒಂದು ವರ್ಷವಿದ್ದನು. ವಿಚಾರಣಾಧಿಕಾರಿಗಳ ಪೀಡೆಯ ನಡುವೆಯೇ ರಾತ್ರಿಯ ಹೊತ್ತು ನಾಲ್ಕು ಗ್ರಂಥಗಳನ್ನು ಬರೆದನು: ತತ್ತ್ವಶಾಸ್ತ್ರದ ಮೇಲೆ ಒಂದು, ಸಮಾಜವಾದ ಮತ್ತು ಸಂಸ್ಕೃತಿಯ ಮೇಲೆ ಒಂದು, ಕವಿತೆಗಳದೊಂದು, ತನ್ನ ಬಾಲ್ಯವನ್ನು ಕುರಿತು ಪೂರ್ತಿಯಾಗದೆ ಉಳಿದ ಒಂದು ಕಾದಂಬರಿ. ಅವೆಲ್ಲವೂ ಸರ್ಕಾರದ ದಫ್ತರದಲ್ಲಿ ಅರ್ಧ ಶತಮಾನ ಬಿದ್ದಿದ್ದುವು. ೧೯೩೭ರ ಡಿಸೆಂಬರಿನಲ್ಲಿ ಸ್ಟಾಲಿನನಿಗೆ ಬರೆದ ಪತ್ರದಲ್ಲಿ, ತಾನು ಏನೂ ಮಾಡಿದವನಲ್ಲವೆಂದೂ, ಆದರೂ ವಿಚಾರಣೆಯಲ್ಲಿ ಹೇಳಿಕೆಯನ್ನು ಬದಲಾಯಿಸುವುದಿಲ್ಲವೆಂದೂ, ಮರಣವೇ ಗತಿಯಾದರೆ ಗುಂಡಿಗೆ ಬದಲು ವಿಷವನ್ನು ಕೊಡಿಸಬೇಕೆಂದೂ ಬೇಡಿದನು.

ವಿಚಾರಣೆಯಲ್ಲಿ ಸರ್ಕಾರದ ವಕೀಲನು ವಿಶಿನ್‌ಸ್ಕಿ. ಬುಖಾರಿನನ ನಡತೆ ವಿಚಿತ್ರವಾಗಿದ್ದಿತು. ಒಟ್ಟಿನಲ್ಲಿ ತಾನು ಅಪರಾಧಿ, ಒಳಸಂಚಿನ ನಾಯಕನು, ಎಲ್ಲಕ್ಕೂ ಹೊಣೆಗಾರನು ಎಂದು ಒಪ್ಪಿದನು. ಗೂಢಚಾರನೇ ಎಂದು ಕೇಳಿದರೆ ಅಲ್ಲ. ಕೊಲೆಗಳಲ್ಲಿ ಭಾಗಿಯೇ ಎಂದರೆ ಅಲ್ಲ. ೧೯೧೮ರ ಪ್ರಸಂಗಕ್ಕೆ ಹಳೆಯ ಸಂಗಡಿಗರನ್ನೇ ಸಾಕ್ಷಿಗಳಾಗಿ ತಂದು ನಿಲ್ಲಿಸಿದರು. ಬಂಧನದ ಮಾತು ಬಂದುದುಂಟು, ಕೊಲೆಯ ಮಾತು ಎಂದಿಗೂ ಇಲ್ಲ ಎಂದು ಖಂಡಿತವಾಗಿ ನಿರಾಕರಿಸಿದನು. ಕಡೆಯ ಭಾಷಣದಲ್ಲಿ, ಆಪಾದಿತನ ತಪ್ಪೊಪ್ಪಿಗೆಯೊಂದನ್ನೇ ಪ್ರಮಾಣವೆನ್ನುವುದು ಮಧ್ಯಯುಗದ ನ್ಯಾಯವೆಂದು ಸೂಚಿಸಿದನು. ಆ ಮೊಕದ್ದಮೆಗೆ ತಪ್ಪೊಪ್ಪಿಗೆಗಳನ್ನು ಬಿಟ್ಟರೆ ಬೇರೆ ಆಧಾರವೇ ಇರಲಿಲ್ಲ. ಕೇಳುತ್ತ ಕುಳಿತಿದ್ದ ಅಮೆರಿಕದ ರಾಯಭಾರಿ ಡೇವಿಸನು, ಆಪಾದನೆಗಳು ರುಜುವಾತಾದುವೆಂದೇ ತನ್ನ ಸರ್ಕಾರಕ್ಕೆ ವರದಿ ಮಾಡಿದನು. ಮಾರ್ಚಿ ೧೩ರಂದು ಹದಿನೆಂಟು ಮಂದಿಗೆ ಮರಣದಂಡನೆಯಾಯಿತು. ೧೫ರಂದು ಬುಖಾರಿನನನ್ನು ಗುಂಡಿಟ್ಟು ಕೊಂದರು.

ನಿರಪರಾಧಿಯು ಏಕೆ ಒಪ್ಪಿಕೊಂಡನು? ಆರ್ಥರ್ ಕೋಸ್ಲರನು ೧೯೪೦ರಲ್ಲಿ ಪ್ರಕಟಿಸಿದ ಪ್ರಸಿದ್ಧ ಕಾದಂಬರಿಯಲ್ಲಿ, ಇಂತಹ ಆಪಾದಿತನು ತಪ್ಪೊಪ್ಪಿಗೆಯನ್ನು ಪಕ್ಷಕ್ಕೆ ತಾನು ಸಲ್ಲಿಸುವ ಕಡೆಯ ಸೇವೆಯೆಂದು ಭಾವಿಸುತ್ತಾನೆ. ಹೆಂಡತಿಮಕ್ಕಳ ಪ್ರಾಣಭಯವೇ ಕಾರಣವೆಂದು ಹೇಳುವವರೂ ಉಂಟು. ಎರಡೂ ಇದ್ದಿರಬಹುದು. ನನಗೆ ತೋರುವುದು ಇಷ್ಟು: ಪಕ್ಷಕ್ಕೆ ಎದುರಾಗಿ ಸತ್ಯವಿರಬಲ್ಲುದು ಎಂಬ ಮಾತನ್ನು ಇತರರು ಆಡಿದಾಗ ಅವನು ಅದನ್ನು ಹೊಡೆದುಹಾಕಿದ್ದನು. ತನಗೆ ಆ ಮಾತು ಬೇಕಾದ ದಿನ ಅದನ್ನು ಎತ್ತಿ ಹೇಳುವ ಸಭೆ ಉಳಿದಿರಲಿಲ್ಲ, ಪತ್ರಿಕೆ ಉಳಿದಿರಲಿಲ್ಲ, ಗೆಳೆಯರೂ ಉಳಿದಿರಲಿಲ್ಲ.

ಉಳಿದುದು ಒಬ್ಬ ಹೆಂಗಸಿನ ನೆನಪು ಮಾತ್ರ. ಅನ್ನಾ ಲಾರಿನಾ ಸುಮಾರು ಇಪ್ಪತ್ತು ವರ್ಷಗಳನ್ನು ಸೆರೆಮನೆ, ಶಿಬಿರ, ಗಡೀಪಾರುಗಳಲ್ಲಿ ಕಳೆದಳು. ಮಗನು ಬೇರೆಯವರ ಆಶ್ರಯದಲ್ಲಿ ಬೇರೆ ಹೆಸರಿನಿಂದ ಬೆಳೆದು, ತನ್ನ ತಂದೆ ಯಾರೆಂಬುದನ್ನು ೧೯೫೬ರಲ್ಲಿ ತಿಳಿದನು. ಆಕೆ ಆ ಪತ್ರವನ್ನು ಮರೆಯದಂತೆ ಮನಸ್ಸಿನಲ್ಲಿಯೇ ಪಠಿಸುತ್ತಿದ್ದಳು. ೧೯೮೭ರ ಕೊನೆಯಲ್ಲಿ ಅದು ಮಾಸ್ಕೋವಿನ ವಾರಪತ್ರಿಕೆಯೊಂದರಲ್ಲಿ ಅಚ್ಚಾಯಿತು. ೧೯೮೮ರ ಫೆಬ್ರವರಿ ೪ರಂದು ಸೋವಿಯಟ್ ಸರ್ವೋಚ್ಚ ನ್ಯಾಯಸ್ಥಾನವು ಬುಖಾರಿನನ ಮೇಲಿನ ತೀರ್ಪನ್ನು ರದ್ದುಗೊಳಿಸಿತು. ಅದೇ ವರ್ಷ ಪಕ್ಷವೂ ಅವನ ಸದಸ್ಯತ್ವವನ್ನು ಹಿಂದಕ್ಕೆ ಕೊಟ್ಟಿತು. ಮೂರು ವರ್ಷಗಳ ಬಳಿಕ, ೧೯೯೧ರಲ್ಲಿ, ಆ ಪಕ್ಷದ ಆಳ್ವಿಕೆಯೂ ಸೋವಿಯಟ್ ರಾಜ್ಯವೂ ಕೊನೆಗಂಡುವು.

ಬುಖಾರಿನನ ನಿಧಾನದ ದಾರಿಯನ್ನು ಹಿಡಿದಿದ್ದರೆ ರಷ್ಯದ ಗತಿ ಏನಾಗುತ್ತಿದ್ದಿತೆಂದು ಪಂಡಿತರು ಇಂದಿಗೂ ಚರ್ಚಿಸುತ್ತಾರೆ. ಆ ಚರ್ಚೆ ಅಷ್ಟು ಸುಲಭವಾಗಿ ತೀರುವುದಲ್ಲ. ಅವನು ರೈತನ ವಿಷಯದಲ್ಲಿ ಸರಿಯಾಗಿ ಕಂಡನು, ಮನುಷ್ಯನಾಗಿ ಬಹುಜನಕ್ಕೆ ಪ್ರಿಯನಾಗಿದ್ದನು, ಅನ್ಯಾಯವಾಗಿ ಸತ್ತನು ಎಂಬುದರಲ್ಲಿ ಸಂದೇಹವಿಲ್ಲ. ಅವನನ್ನು ಕೊಂದ ಆಯುಧಕ್ಕೆ ಸಾಣೆ ಹಿಡಿದವರಲ್ಲಿ ಅವನೂ ಒಬ್ಬನೆಂಬುದರಲ್ಲಿಯೂ ಸಂದೇಹವಿಲ್ಲ. ವಿರೋಧಿಯ ಬಾಯಿ ಮುಚ್ಚಿಸಲು ೧೯೨೩ರಲ್ಲಿ ಅವನು ಹೇಳಿದ ಆ ಒಂದು ಕಥೆಯನ್ನು ಹೇಳದೆ ಇದ್ದಿದ್ದರೆ ಅವನು ಉಳಿಯುತ್ತಿದ್ದನೆಂದಲ್ಲ. ಸ್ಟಾಲಿನನು ಬೇರೊಂದನ್ನು ಹುಡುಕುತ್ತಿದ್ದನು. ಆದರೆ ಟ್ರಾಟ್ಸ್ಕಿಯ ಬಾಯಿ ಅಂದು ಮುಚ್ಚದೆ ಇದ್ದಿದ್ದರೆ, ೧೯೨೮ರಲ್ಲಿ ಬುಖಾರಿನನ ಬಾಯಿಯೂ ತೆರೆದಿರುತ್ತಿದ್ದಿತು. ರೈತನ ಪಕ್ಷದ ಮಾತು ರೈತನ ಕಿವಿಯವರೆಗೆ ಹೋಗುತ್ತಿದ್ದಿತು.